ಒಂದು ಗೂಡಿನ ಉದ್ದ

2018ರಲ್ಲಿ ನಾನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ಕಲಿಸುವ ತರಬೇತಿ ಕೇಂದ್ರವೊಂದರಲ್ಲಿ ಬೋಧಕಿಯಾಗಿದ್ದೆ. ನೌಕರಿಗೆ ಸೇರಿ ಇಪ್ಪತ್ತೇಳು ವರ್ಷ ಕಳೆದಿತ್ತು, ನಿವೃತ್ತಿಗೆ ನಾಲ್ಕು ವರ್ಷ ಉಳಿದಿತ್ತು. ಒಂದು ತಂಡಕ್ಕೆ ಹನ್ನೆರಡು ಹೆಂಗಸರು, ಹದಿನೈದು ದಿನ, ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಪಾಠ ಮತ್ತು ಪ್ರಯೋಗ. ಪ್ರತಿ ತಂಡಕ್ಕೂ ಅದೇ ಪಾಠವನ್ನು ಅದೇ ಮಾತುಗಳಲ್ಲಿ ಹೇಳುತ್ತಿದ್ದೆ. ನಾನು ಕೆಮ್ಮುವ ಜಾಗ ಕೂಡ ಬದಲಾಗುವುದಿಲ್ಲ ಎಂದು ನಮ್ಮ ಪ್ರಯೋಗಾಲಯದ ಸಹಾಯಕರು ಬೆನ್ನ ಹಿಂದೆ ನಗುತ್ತಿದ್ದರಂತೆ. ಅದನ್ನು ಕೇಳಿ ನನಗೆ ಬೇಸರವೇನೂ ಆಗಲಿಲ್ಲ. ಪಾಠ ಎಂದರೆ ಹಾಗೇ ಇರಬೇಕು ಎಂದು ನಂಬಿದ್ದವಳು ನಾನು.

ಈ ಕೆಲಸ ಕಂಡಿರದವರಿಗೆ ಎರಡು ಮಾತು ಹೇಳಬೇಕು. ರೇಷ್ಮೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿದರೆ ಅದರ ಅಂಟು ಸಡಿಲವಾಗುತ್ತದೆ. ಆಗ ಎಳೆಯ ತುದಿ ಹುಡುಕಿ, ಎಂಟು ಗೂಡುಗಳ ಎಳೆಗಳನ್ನು ಒಟ್ಟು ಸೇರಿಸಿ, ಒಂದೇ ನೂಲಾಗಿ ರಾಟೆಗೆ ಸುತ್ತುತ್ತಾರೆ. ಇದು ರೀಲಿಂಗ್. ಗೂಡುಗಳು ತೇಲುವ ಬಿಸಿನೀರಿನ ತೊಟ್ಟಿ ಮತ್ತು ರಾಟೆ ಎರಡನ್ನೂ ಸೇರಿಸಿ ಬೇಸಿನ್ ಅನ್ನುತ್ತಾರೆ, ಬೇಸಿನ್‌ಗಳಿರುವ ಶೆಡ್ಡಿಗೆ ಫಿಲೇಚರ್ ಅನ್ನುತ್ತಾರೆ. ನೂಲಿನ ದಪ್ಪವನ್ನು ಡೆನಿಯರ್ ಲೆಕ್ಕದಲ್ಲಿ ಹೇಳುತ್ತೇವೆ. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದು ಅಷ್ಟು ಡೆನಿಯರ್. ನಮಗೆ ಬೇಕಾದದ್ದು ಇಪ್ಪತ್ತರಿಂದ ಇಪ್ಪತ್ತೆರಡು ಡೆನಿಯರ್ ನೂಲು, ಅದಕ್ಕೆ ಎಂಟು ಗೂಡು. ಆದ್ದರಿಂದ 'ಯಾವಾಗಲೂ ಎಂಟು' ಎಂಬುದು ನನ್ನ ಪಾಠದ ಮೊದಲ ಸಾಲು.

ಆ ವರ್ಷದ ಜೂನ್ ತಂಡದಲ್ಲಿ ಶಮೀಮ್ ಎಂಬಾಕೆ ಬಂದಳು. ಮೂವತ್ತೆಂಟರ ವಯಸ್ಸು, ಬೇಸಿನ್ ಮುಂದೆ ಇಪ್ಪತ್ತು ವರ್ಷದ ಅನುಭವ, ನಾಲ್ಕನೇ ತರಗತಿವರೆಗೆ ಉರ್ದು ಶಾಲೆ. ಬೇರೆಯವರು ತರಬೇತಿಗೆ ಬರುತ್ತಿದ್ದುದು ಪ್ರಮಾಣಪತ್ರಕ್ಕೆ. ಈಕೆ ಬಂದದ್ದು ಬೇರೆ ತುರ್ತಿಗೆ. ಅವಳು ಕೆಲಸ ಮಾಡುತ್ತಿದ್ದ ಫಿಲೇಚರ್‌ನ ಮಾಲೀಕರು ಬಾಷಾ ಸಾಬರು. ಎಪ್ಪತ್ತು ದಾಟಿತ್ತು, ಮಂಡಿ ನೋವು, ಮಕ್ಕಳು ಬೇರೆ ವ್ಯಾಪಾರ ಹಿಡಿದಿದ್ದರು. ಆರು ಬೇಸಿನ್‌ಗಳ ಆ ಶೆಡ್ಡನ್ನು ಮುಚ್ಚುವ ಬದಲು ಶಮೀಮ್‌ಗೆ ನಡೆಸಲು ಕೊಡಲು ಅವರು ಒಪ್ಪಿದ್ದರು. ಆದರೆ ಒಂದು ಷರತ್ತು ಇತ್ತು. ಅವರು ಜೀವನವಿಡೀ ತೆಗೆದದ್ದು ಸೀರೆಯ ಅಡ್ಡ ನೂಲಿಗೆ, ಅಂದರೆ ಹೊಕ್ಕಿಗೆ ಸಲ್ಲುವ ನೂಲು. ಅದನ್ನು ಕೇಳುವವರು ಕಡಿಮೆಯಾಗಿದ್ದರು. ಉದ್ದ ನೂಲಿಗೆ, ಅಂದರೆ ಹಾಸು ನೂಲಿಗೆ ಒಪ್ಪುವಂಥ ಸಮನಾದ ನೂಲು ತೆಗೆದರಷ್ಟೇ ಶೆಡ್ಡು ಉಳಿಯುತ್ತದೆ ಎಂದು ಅವರಿಗೆ ಗೊತ್ತಿತ್ತು.

ಒಪ್ಪಬೇಕಾದವರು ಮೇಲೂರಿನಲ್ಲಿ ಹುರಿ ಮಾಡುವ ಘಟಕ ಇಟ್ಟಿದ್ದ ವೆಂಕಟರಮಣಪ್ಪ. ನೂಲಿಗೆ ಹುರಿ ಹಾಕಿ ನೇಕಾರರಿಗೆ ಕೊಡುವುದು ಅವರ ಕಸುಬು. ಶಮೀಮ್‌ಳಿಂದ ಮೂರು ಲಾಟ್ ನೂಲು ನೋಡುತ್ತೇನೆ, ಮೂರರಲ್ಲಿ ಒಂದಾದರೂ ನಿಂತರೆ ಖಾಯಂ ತೆಗೆದುಕೊಳ್ಳುತ್ತೇನೆ ಎಂದಿದ್ದರು. ಮೊದಲ ಲಾಟ್ ಯಂತ್ರದ ಮೇಲೆ ಪಟಪಟನೆ ಹರಿದು ವಾಪಸು ಬಂದಿತ್ತು. ಎರಡನೆಯದು ಆಕೆ ತರಬೇತಿಗೆ ಸೇರಿದ ಮೂರನೇ ದಿನ ವಾಪಸು ಬಂತು. ಉಳಿದದ್ದು ಒಂದು. ಅದೂ ಹೋದರೆ ಬೇಸಿನ್‌ಗಳು ಗುಜರಿಗೆ ಹೋಗುತ್ತವೆ, ಅವಳ ಜೊತೆಗಿದ್ದ ಎಂಟು ಹೆಂಗಸರು ಬೇರೆ ದಾರಿ ನೋಡಿಕೊಳ್ಳಬೇಕು.

ಇಷ್ಟು ಹೊತ್ತುಕೊಂಡಿದ್ದವಳು ತರಗತಿಯಲ್ಲಿ ಮುಖ ಬಾಡಿಸಿಕೊಂಡು ಕೂರುತ್ತಾಳೆ ಅಂದುಕೊಂಡಿದ್ದೆ. ಅವಳು ಕೂತದ್ದು ಪ್ರಶ್ನೆ ಕೇಳುವುದಕ್ಕೆ. ನೀರು ಯಾಕೆ ಅಷ್ಟೇ ಬಿಸಿ ಇರಬೇಕು, ಕೆಲವು ಗೂಡು ಯಾಕೆ ಮುಳುಗುತ್ತವೆ, ಹಳದಿ ಗೂಡಿನ ಬಣ್ಣ ಎಲ್ಲಿಂದ ಬರುತ್ತದೆ. ನೂಲು ಯಾಕೆ ಹರಿಯಿತು ಎಂದು ಒಂದು ಸಲ ಕೇಳಿದರೆ, ಅದಕ್ಕೆ ಸಂಬಂಧವೇ ಇಲ್ಲದ್ದನ್ನು ನಾಲ್ಕು ಸಲ ಕೇಳುತ್ತಿದ್ದಳು. ನನಗೆ ರೇಗುತ್ತಿತ್ತು. ನಾಲ್ಕನೇ ದಿನ, ಪಾಠ ಅರ್ಧಕ್ಕೆ ಬಂದಾಗ ಮತ್ತೆ ಕೈ ಎತ್ತಿದಳು.

"ಮೇಡಂ, ಒಂದು ಗೂಡಲ್ಲಿ ಎಳೆ ಎಷ್ಟುದ್ದ ಇರ್ತದೆ?"

"ಏಳ್ನೂರು ಮೀಟರ್ ಅಂತ ಬರ್ಕೊಳಿ."

"ಅಳೆದಿದ್ದು ಯಾರು?"

"ಪುಸ್ತಕದಲ್ಲಿದೆ."

"ಪುಸ್ತಕದೋರು ಅವರ ಗೂಡು ಅಳೆದಿರ್ತಾರೆ. ನಮ್ಮ ಗೂಡು ಅಳೀಬಹುದಾ?"

ಉಳಿದ ಹನ್ನೊಂದು ಜನ ನನ್ನ ಮುಖ ನೋಡಿದರು. ಆಗುವುದಿಲ್ಲ ಎನ್ನಲು ಕಾರಣ ಹೊಳೆಯದೆ, ಊಟದ ಹೊತ್ತಿನಲ್ಲಿ ಬೇಕಾದರೆ ಅಳೆದುಕೊಳ್ಳಿ ಎಂದೆ. ಒಂಟಿ ಎಳೆ ತಲೆಗೂದಲಿಗಿಂತ ಸಣ್ಣದು, ಹತ್ತು ನಿಮಿಷದಲ್ಲಿ ಬೇಸತ್ತು ಬಿಡುತ್ತಾಳೆ ಎಂಬುದು ನನ್ನ ಎಣಿಕೆ.

ನಮ್ಮ ಪ್ರಯೋಗಾಲಯದಲ್ಲಿ ನೂಲಿನ ಉದ್ದ ಅಳೆಯುವ ಕೈತಿರುವಿನ ಚಕ್ರವೊಂದಿತ್ತು. ಅದರ ಒಂದು ಸುತ್ತು ಒಂದು ಮೀಟರ್ ಹನ್ನೆರಡೂವರೆ ಸೆಂಟಿಮೀಟರ್. ಶಮೀಮ್ ಒಂದು ಗೂಡು ಬೇಯಿಸಿಕೊಂಡು, ಬಟ್ಟಲಿನ ನೀರಿನಲ್ಲಿ ತೇಲಿಬಿಟ್ಟು, ಎಳೆಯ ತುದಿಯನ್ನು ಚಕ್ರಕ್ಕೆ ಸಿಕ್ಕಿಸಿ ತಿರುಗಿಸತೊಡಗಿದಳು. ಪಕ್ಕದಲ್ಲಿ ಕೂತ ಗೆಳತಿ ಹತ್ತು ಸುತ್ತಿಗೊಂದು ಹುಣಸೆ ಬೀಜ ಎತ್ತಿಡಬೇಕು. ಎಳೆ ಮೂರು ಸಲ ಹರಿಯಿತು. ನನ್ನ ಕನ್ನಡಕಕ್ಕೂ ಕಾಣದ ಆ ತುದಿಗಳನ್ನು ಅವಳು ಬೆರಳ ತುದಿಯಲ್ಲೇ ಹುಡುಕಿ ಗಂಟು ಹಾಕಿದಳು. ಹತ್ತು ನಿಮಿಷಕ್ಕೆ ಬೇಸತ್ತವಳು ನಾನು, ಎದ್ದು ಹೋಗಿ ಊಟ ಮುಗಿಸಿ ಬಂದೆ. ಬಂದಾಗ ಮೇಜಿನ ಮೇಲೆ ಅರವತ್ತನಾಲ್ಕು ಹುಣಸೆ ಬೀಜಗಳಿದ್ದವು, ಬಟ್ಟಲಿನಲ್ಲಿ ಬರಿಯ ಹುಳು ಉಳಿದಿತ್ತು.

ಆರುನೂರ ನಲವತ್ತು ಸುತ್ತು. ಇದನ್ನು ಮೀಟರ್‌ಗೆ ಇಳಿಸಲು ನಾನು ಕ್ಯಾಲ್ಕುಲೇಟರ್ ಹುಡುಕುತ್ತಿದ್ದೆ. ಶಮೀಮ್ ಒಂದು ಸುತ್ತು ಎಷ್ಟೆಂದು ಕೇಳಿ, ಚಕ್ರವನ್ನು ದಾರದಿಂದ ಎಂಟು ಸಲ ಸುತ್ತಿ, ದಾರವನ್ನು ಅಳತೆ ಪಟ್ಟಿಗೆ ಹಿಡಿದಳು. ಸರಿಯಾಗಿ ಒಂಬತ್ತು ಮೀಟರ್.

"ಎಂಟಕ್ಕೆ ಒಂಬತ್ತು. ಆರುನೂರ ನಲವತ್ತರಲ್ಲಿ ಎಂಟು ಎಂಬತ್ತು ಸಲ. ಎಂಬತ್ತು ಒಂಬತ್ಲಿ ಏಳ್ನೂರಿಪ್ಪತ್ತು," ಎಂದಳು.

ನನ್ನ ಕ್ಯಾಲ್ಕುಲೇಟರ್ ಕೂಡ ಅದನ್ನೇ ಹೇಳಿತು. ಮರುದಿನ ಬೆಳಿಗ್ಗೆ ಅವಳು ಬಂದು, ಏಳುನೂರಿಪ್ಪತ್ತು ಮೀಟರ್ ಅಂದರೆ ತಮ್ಮ ಮನೆ ಬಾಗಿಲಿನಿಂದ ಬಸ್ ನಿಲ್ದಾಣದ ಹಣ್ಣಿನ ಅಂಗಡಿಯವರೆಗೆ ಎಂದು ತಿಳಿಸಿದಳು. ನಡೆದು ಅಳೆದು ಬಂದಿದ್ದಳು. "ಇಷ್ಟು ದಿನ ದಿನಕ್ಕೆ ಸಾವಿರಾರು ಸಲ ಬಸ್ ಸ್ಟ್ಯಾಂಡಿಗೆ ಹೋಗಿ ಬಂದಿದ್ದೀನಿ, ಗೊತ್ತೇ ಆಗ್ಲಿಲ್ಲ," ಎಂದು ನಗಾಡಿದಳು. ತರಗತಿಯ ಹೆಂಗಸರೆಲ್ಲ ತಮ್ಮ ತಮ್ಮ ಮನೆಯಿಂದ ಒಂದು ಗೂಡು ಎಲ್ಲಿಯವರೆಗೆ ಹೋಗುತ್ತದೆಂದು ವಾದ ಮಾಡುತ್ತ ಅರ್ಧ ಗಂಟೆ ಕಳೆದರು. ಆ ಅರ್ಧ ಗಂಟೆಯ ಪಾಠ ಬಿಟ್ಟುಹೋದದ್ದಕ್ಕೆ ನನಗೆ ಸಿಟ್ಟು ಬರಲಿಲ್ಲ ಎಂಬುದು ನನಗೇ ಆಶ್ಚರ್ಯ.

ಮುಂದಿನ ಪ್ರಶ್ನೆ ಆವತ್ತು ಸಂಜೆಯೇ ಬಂತು. "ಅಷ್ಟುದ್ದ ಎಳೆಯನ್ನ ಹುಳು ಹೇಗೆ ಹಾಕ್ತದೆ ಮೇಡಂ? ನಾನು ನೋಡೇ ಇಲ್ಲ."

ನಾನು ನಂಬಲಿಲ್ಲ. ಆಮೇಲೆ ಯೋಚಿಸಿದರೆ ಇದರಲ್ಲಿ ವಿಚಿತ್ರವೇನೂ ಇರಲಿಲ್ಲ. ನಮ್ಮ ಕಡೆ ಹುಳು ಸಾಕುವವರು ಹಳ್ಳಿಯ ರೈತರು, ನೂಲು ಬಿಚ್ಚುವವರು ಪೇಟೆಯ ಮುಸ್ಲಿಂ ಮನೆಯವರು. ನಡುವೆ ಗೂಡಿನ ಮಾರುಕಟ್ಟೆ. ರೈತರು ಗೂಡು ಮಾರಿ ಮನೆಗೆ ಹೋಗುತ್ತಾರೆ, ರೀಲರ್‌ಗಳು ಗೂಡು ಕೊಂಡು ಶೆಡ್ಡಿಗೆ ಹೋಗುತ್ತಾರೆ. ಒಬ್ಬರ ಮನೆಯೊಳಗೆ ಇನ್ನೊಬ್ಬರು ಇಣುಕುವ ಸಂದರ್ಭವೇ ಬರುವುದಿಲ್ಲ. ನಾನು ಕೈವಾರದ ಹತ್ತಿರದ ಹಳ್ಳಿಯ ಹುಳು ಮನೆಯಲ್ಲೇ ಬೆಳೆದವಳು. ಆದರೂ ಡಿಪ್ಲೊಮಾಗೆ ಸೇರುವವರೆಗೆ ಗೂಡು ಬಿಚ್ಚುವುದನ್ನು ಕಂಡಿರಲಿಲ್ಲ. ಮನೆಯಲ್ಲಿ ಈಗಲೂ ನನ್ನಣ್ಣ ಮತ್ತು ಅತ್ತಿಗೆ ಸರೋಜಮ್ಮ ಹುಳು ಸಾಕುತ್ತಾರೆ. ಆ ವಾರವೇ ಅವರ ಹುಳುಗಳು ಹಣ್ಣಾಗಿ ಗೂಡು ಕಟ್ಟುತ್ತಿದ್ದವು. ಭಾನುವಾರ ಬೆಳಿಗ್ಗೆ ಶಮೀಮ್‌ಳನ್ನು ಕರೆದುಕೊಂಡು ಚಿಂತಾಮಣಿ ಮೇಲೆ ಬಸ್ಸಿನಲ್ಲಿ ಹೊರಟೆ.

ಅತ್ತಿಗೆ ಬಾಗಿಲಲ್ಲೇ ತಡೆದರು. ಗೂಡು ಕಟ್ಟುವ ಹೊತ್ತಿನಲ್ಲಿ ಹೊರಗಿನವರನ್ನು ಹುಳು ಮನೆಗೆ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ರೋಗ ತರುತ್ತಾರೆ ಎಂಬುದು ಒಂದು, ಕಣ್ಣು ಬೀಳುತ್ತದೆ ಎಂಬುದು ಇನ್ನೊಂದು. ಜೊತೆಗೆ ಅತ್ತರಿನ ವಾಸನೆ ಹುಳುಗಳಿಗೆ ಆಗುವುದಿಲ್ಲ.

"ಯಾರನ್ನಮ್ಮ ಸುಮಾ ಕರ್ಕೊಂಡು ಬಂದಿದ್ದೀಯ, ಈ ಟೈಮಲ್ಲಿ?" ಎಂದರು, ನನಗೆ ಮಾತ್ರ ಕೇಳುವ ಹಾಗೆ.

"ಅತ್ತಿಗೆ, ನೀವು ಇಷ್ಟು ವರ್ಷ ಮಾರಿದ ಗೂಡನ್ನೆಲ್ಲ ಬಿಚ್ಚಿದ ಕೈ ಇದು. ಇವಳಿಗಿಂತ ಹತ್ತಿರದ ನೆಂಟರು ನಿಮ್ಮ ಹುಳುಗಳಿಗೆ ಬೇರೆ ಯಾರಿದ್ದಾರೆ?" ಎಂದೆ.

ಅತ್ತಿಗೆ ಶಮೀಮ್‌ಳ ಕೈ ಹಿಡಿದು ತಿರುಗಿಸಿ ನೋಡಿದರು. ಬಿಸಿನೀರಿನಲ್ಲಿ ನೆನೆದು ನೆನೆದು ಬಿಳಿಚಿ ಸುಕ್ಕಾಗಿದ್ದ ಬೆರಳುಗಳು. ಏನನ್ನಿಸಿತೋ, "ಕೈಕಾಲು ತೊಳ್ಕೊಂಡು ಬಾಮ್ಮ, ಸೋಪು ಹಾಕು," ಎಂದರು.

ಒಳಗೆ ಚಂದ್ರಿಕೆಗಳನ್ನು, ಅಂದರೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಗಳನ್ನು, ಗೋಡೆಗೆ ಒರಗಿಸಿದ್ದರು. ಆ ಬೆಳಿಗ್ಗೆ ಬಿಟ್ಟ ಹುಳುಗಳು ಜೇನುಬಣ್ಣಕ್ಕೆ ತಿರುಗಿ, ತಲೆ ಎತ್ತಿ, ಆ ಕಡೆ ಈ ಕಡೆ ಆಡಿಸುತ್ತ ಎಳೆ ಹಾಕುತ್ತಿದ್ದವು. ಶಮೀಮ್ ನೆಲದ ಮೇಲೆ ಕೂತಳು. ಒಂದು ಹುಳುವನ್ನು ಗುರುತಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು. ಅತ್ತಿಗೆ ಮುದ್ದೆ ಸಾರು ಮಾಡಿ ಕರೆದರೂ ದೂರ ಹೋದಳೆಂದು ತಿಳಿಯಬೇಡಿ, ತಟ್ಟೆಯನ್ನು ಬಾಗಿಲ ಹತ್ತಿರಕ್ಕೆ ತರಿಸಿಕೊಂಡು ಅಲ್ಲಿಂದಲೇ ಕತ್ತು ಚಾಚಿ ನೋಡುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಹುಳುವಿನ ಸುತ್ತ ಮಂಜಿನಂಥ ಪರದೆ ಎದ್ದಿತ್ತು. ಅವಳ ಕಣ್ಣಲ್ಲಿ ನೀರಿತ್ತು. ನಾನು ಚಿಕ್ಕಂದಿನಿಂದ ನೋಡಿ ನೋಡಿ ನೋಡುವುದನ್ನೇ ಬಿಟ್ಟಿದ್ದ ದೃಶ್ಯ ಅದು. ಅವಳ ಪಕ್ಕದಲ್ಲಿ ಕೂತು ನಾನೂ ಹೊಸದಾಗಿ ನೋಡಿದೆ, ತುಂಬಾ ಖುಷಿಯಾಯಿತು.

ಅತ್ತಿಗೆ ಎರಡು ದಿನ ಮೊದಲೇ ಬಿಟ್ಟಿದ್ದ ಚಂದ್ರಿಕೆಯಿಂದ ಒಂದು ಗೂಡು ಕಿತ್ತು ಬ್ಲೇಡಿನಿಂದ ಕೊಯ್ದರು. ಕೆಲಸ ಎಲ್ಲಿಯವರೆಗೆ ಬಂತೆಂದು ನೋಡಲು ರೈತರು ಹಾಗೆ ಮಾಡುತ್ತಾರೆ. ಒಳಗಿದ್ದ ಹುಳು ಅರ್ಧಕ್ಕರ್ಧ ಕುಗ್ಗಿತ್ತು. ಇನ್ನೂ ತಲೆ ಆಡಿಸುತ್ತಿತ್ತು, ನಿಧಾನವಾಗಿ.

ಶಮೀಮ್ ಅದನ್ನು ಅಂಗೈ ಮೇಲೆ ಇಟ್ಟುಕೊಂಡಳು. "ಇಷ್ಟೇ ಇಷ್ಟಾಗ್ಬಿಟ್ಟಿದೆ. ಹೊಟ್ಟೇಲಿರೋದೆಲ್ಲ ಕೊಟ್ಟು ಸುಸ್ತಾಗಿದೆ. ಮೇಡಂ, ಈಗ ಹಾಕ್ತಿರೋ ಎಳೆ ಮೊದಲ ದಿನದಷ್ಟೇ ದಪ್ಪ ಇರ್ತದಾ?"

"ಅದೆಲ್ಲ ಒಂದೇ ಥರ ಇರತ್ತೆ ಶಮೀಮ್."

"ನೀವು ನೋಡಿದ್ದೀರಾ?"

ಅವಳ ದನಿಯಲ್ಲಿ ಸವಾಲಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ನಾನು ನೋಡಿರಲಿಲ್ಲ.

ಮನೆಗೆ ಬಂದವಳೇ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿ ನನ್ನ ಡಿಪ್ಲೊಮಾ ದಿನಗಳ ನೋಟ್ಸ್ ತೆಗೆದೆ. ಹುಡುಕಿದ್ದು ಹತ್ತು ನಿಮಿಷವೂ ಆಗಲಿಲ್ಲ. ನನ್ನದೇ ಅಕ್ಷರ, ನನ್ನದೇ ಕೈಯ ಗ್ರಾಫ್. ಗೂಡಿನ ಎಳೆ ಹೊರಪದರದಲ್ಲಿ ದಪ್ಪವಾಗಿದ್ದು, ಸ್ವಲ್ಪ ದೂರ ಇನ್ನಷ್ಟು ದಪ್ಪವಾಗಿ, ಆಮೇಲೆ ಒಳಗೆ ಹೋದಂತೆ ಸಣ್ಣದಾಗುತ್ತ ಹೋಗುತ್ತದೆ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಹತ್ತಕ್ಕೆ ಒಂಬತ್ತು ಅಂಕ. ಪರೀಕ್ಷೆಗೆ ಓದಿದೆ, ಬರೆದೆ, ಅಂಕ ಪಡೆದೆ. ಮುಂದಿನ ಇಪ್ಪತ್ತೇಳು ವರ್ಷ 'ಯಾವಾಗಲೂ ಎಂಟು' ಎಂದು ಪಾಠ ಹೇಳುವಾಗ ಆ ಗ್ರಾಫ್ ಒಮ್ಮೆಯೂ ನೆನಪಿಗೆ ಬರಲಿಲ್ಲ. ನಾಚಿಕೆಯಾಯಿತು. ಆಮೇಲೆ ಒಬ್ಬಳೇ ಕೂತು ನಕ್ಕೆ.

ಸೋಮವಾರ ತರಗತಿಗೆ ಹೋಗುವಾಗ ಆ ನೋಟ್ಸ್ ನನ್ನ ಚೀಲದಲ್ಲಿತ್ತು. ಹೊರಗೆ ತೆಗೆಯಲಿಲ್ಲ. ತಪ್ಪೊಪ್ಪಿಕೊಳ್ಳಲು ಹಿಂಜರಿಕೆ ಇದ್ದದ್ದು ನಿಜ, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ದೊಡ್ಡ ಕಾರಣ ಬೇರೆ. ನಾನು ಹೇಳಿಬಿಟ್ಟರೆ ಅವಳು ಬರೆದುಕೊಳ್ಳುತ್ತಾಳೆ, ಅಲ್ಲಿಗೆ ಮುಗಿಯುತ್ತದೆ. ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ನನ್ನ ನೌಕರಿಯಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ. "ಶಮೀಮ್, ನೀವು ನಿನ್ನೆ ಕೇಳಿದ್ದನ್ನ ನೋಡೇಬಿಡಣ. ಹೇಗೆ ನೋಡ್ತೀರಿ?" ಎಂದಷ್ಟೇ ಕೇಳಿದೆ.

ಅವಳು ಆಗಲೇ ಯೋಚಿಸಿಟ್ಟಿದ್ದಳು. ಚಕ್ರವನ್ನು ನೂರು ಸುತ್ತಿಗೊಮ್ಮೆ ನಿಲ್ಲಿಸುವುದು, ಅಷ್ಟನ್ನು ಬಿಡಿಸಿಟ್ಟು ಒಣಗಿಸಿ ತೂಗುವುದು. ಸಣ್ಣದಾದರೆ ಹಗುರಾಗಬೇಕು. ನಮ್ಮಲ್ಲಿ ಗ್ರಾಂನ ಸಾವಿರದ ಒಂದು ಪಾಲನ್ನೂ ತೋರಿಸುವ ತಕ್ಕಡಿ ಗಾಜಿನ ಪೆಟ್ಟಿಗೆಯಲ್ಲಿತ್ತು, ಮುಟ್ಟಲು ತರಬೇತಿಯವರಿಗೆ ಅನುಮತಿ ಇರಲಿಲ್ಲ. ಆವತ್ತು ಕೊಟ್ಟೆ. ಪಾಠ ನಿಲ್ಲಿಸಿದೆವು. ಹನ್ನೆರಡು ಜನವೂ ತಕ್ಕಡಿಯ ಸುತ್ತ ಉಸಿರು ಬಿಗಿಹಿಡಿದು ನಿಂತರು. ಉಸಿರು ತಾಗಿದರೂ ಅಂಕಿ ಅಲುಗಾಡುತ್ತಿತ್ತು.

ಮೊದಲ ನೂರು ಸುತ್ತು ಮೂವತ್ತಾರು ಮಿಲಿಗ್ರಾಂ. ಎರಡನೆಯದು ಮೂವತ್ತೇಳು. ಶಮೀಮ್ ನನ್ನ ಕಡೆ ತಿರುಗಿ, "ನೀವು ಹೇಳಿದ್ದೇ ಸರಿ ಅನ್ಸತ್ತೆ ಮೇಡಂ," ಎಂದಳು, ಸ್ವಲ್ಪ ಸಪ್ಪಗೆ. ನಾನು ತುಟಿ ಕಚ್ಚಿಕೊಂಡೆ. ಮೂರನೆಯದು ಮೂವತ್ತೈದು. ನಾಲ್ಕನೆಯದು ಮೂವತ್ತು. ಯಾರೋ ಹಿಂದಿನಿಂದ "ಇಳೀತಾ ಇದೆ ನೋಡ್ರೇ," ಎಂದರು. ಐದನೆಯದು ಇಪ್ಪತ್ತಾರು. ಆರನೆಯದು ಇಪ್ಪತ್ತೊಂದು.

ಶಮೀಮ್ ಸ್ಟೂಲಿನ ಮೇಲೆ ಕೂತು ಆ ಆರು ಅಂಕಿಗಳನ್ನು ನೋಡುತ್ತಿದ್ದಳು. ಹುಳುವಿನ ಸುಸ್ತು ಅಲ್ಲಿ ಕಾಗದದ ಮೇಲಿತ್ತು. ಕೊನೆಯ ಅಂಕಿಯ ಮೇಲೆ ಬೆರಳಿಟ್ಟು ನನ್ನ ಕಡೆ ತಿರುಗಿದಳು.

"ಮೇಡಂ, ನಾವು ಎಂಟೂ ಹೊಸ ಗೂಡು ಒಟ್ಟಿಗೆ ಹಾಕ್ತೀವಿ. ಒಟ್ಟಿಗೆ ಮುಗೀತವೆ. ಹಂಗಾದ್ರೆ ಮೊದಲು ನೂಲು ದಪ್ಪ, ಕೊನೇಲಿ ಸಣ್ಣ. ಅಲ್ಲೇ ಹರಿಯೋದು."

ಬಾಷಾ ಸಾಬರ ಶೆಡ್ಡಿನ ಶಿಸ್ತು ಅದು. ಬೇರೆ ಕಡೆ ಒಂದು ಗೂಡು ಮುಗಿದ ಹಾಗೆ ಇನ್ನೊಂದು ಸೇರಿಸುತ್ತ ಹೋಗುತ್ತಾರೆ, ಹೊಸದು ಹಳೆಯದು ಹೇಗೋ ಬೆರೆತುಹೋಗುತ್ತದೆ. ಇವರದು ಅಚ್ಚುಕಟ್ಟು ಹೆಚ್ಚು. ಒಂದು ಕುದಿಯ ಗೂಡುಗಳನ್ನು ಎಂಟೆಂಟಾಗಿ ಒಟ್ಟಿಗೆ ಶುರು ಮಾಡಿ ಒಟ್ಟಿಗೆ ಮುಗಿಸಿ, ತೊಟ್ಟಿ ಬರಿದು ಮಾಡಿ, ಮತ್ತೆ ಎಂಟು. ಲೆಕ್ಕ ತಪ್ಪುವುದಿಲ್ಲವೆಂದು ಸಾಬರ ಹೆಮ್ಮೆ. ನನ್ನ ಪಾಠ ಆ ಹೆಮ್ಮೆಗೆ ಸರ್ಕಾರಿ ಮುದ್ರೆ ಒತ್ತಿತ್ತು. ಎಂಟು ಹೊಸ ಗೂಡು ಸೇರಿದರೆ ಇಪ್ಪತ್ತಮೂರು ಡೆನಿಯರ್, ಅವೇ ಎಂಟು ಕೊನೆಗೆ ಬಂದಾಗ ಹದಿಮೂರು ಚಿಲ್ಲರೆ. ಯಾವ ಯಂತ್ರದ ಮೇಲೆ ಅದು ನಿಂತೀತು?

ಆಗ ಚೀಲದಿಂದ ನೋಟ್ಸ್ ತೆಗೆದು ಎಲ್ಲರ ಮುಂದೆ ಬಿಚ್ಚಿಟ್ಟೆ. ಗ್ರಾಫನ್ನು ತೋರಿಸಿ, ಇದು ಇಷ್ಟು ವರ್ಷ ನನ್ನ ಮನೆಯಲ್ಲೇ ಇತ್ತು, ನಾನೇ ಮರೆತಿದ್ದೆ ಎಂದೆ. ಹೆಂಗಸರು ಬೈಯುತ್ತಾರೇನೋ ಅಂದುಕೊಂಡಿದ್ದೆ. ಶಮೀಮ್ ಗ್ರಾಫನ್ನೂ ತನ್ನ ಆರು ಅಂಕಿಗಳನ್ನೂ ಅಕ್ಕಪಕ್ಕ ಇಟ್ಟು ನೋಡಿ, "ಅಲ್ಲಿಗೆ ಪುಸ್ತಕದೋರೂ ಸರಿಯಾಗೇ ಅಳೆದಿದ್ದಾರೆ," ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು.

ಉಳಿದ ದಿನಗಳಲ್ಲಿ ಅವಳು ಒಂದು ಉಪಾಯ ಕಟ್ಟಿದಳು. ಎಂಟರಲ್ಲಿ ಅರ್ಧ ಹೊಸ ಗೂಡು, ಅರ್ಧ ಸ್ವಲ್ಪ ಬಿಚ್ಚಿಯಾದ ನಡುವಿನದು ಇರುವಂತೆ ಮೊದಲಿನಿಂದಲೇ ಬೆರೆಸುವುದು. ಗೂಡು ತೆಳ್ಳಗಾಗಿ ಒಳಗಿನ ಹುಳು ಕಾಣಿಸಿತೆಂದರೆ ಅದನ್ನು ಅರ್ಧ ಎಂದು ಎಣಿಸುವುದು. ಅಂಥ ಎರಡು ಸೇರಿದರೆ ಒಂದು ಹೊಸ ಗೂಡು ಹೆಚ್ಚಿಗೆ ಕೊಡುವುದು. ಪ್ರಯೋಗಾಲಯದ ಭಾಷೆಯಲ್ಲಿ ಇದನ್ನೇ ಹೇಳಲು ನನಗೆ ಎರಡು ಪುಟ ಬೇಕಾಗಿತ್ತು.

ತರಬೇತಿ ಮುಗಿದ ಮೇಲೆ ಮೂರನೇ ಲಾಟ್ ಶುರುವಾಯಿತು. ನಾನೂ ಶೆಡ್ಡಿಗೆ ಹೋದೆ. ಬಾಷಾ ಸಾಬರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ನಮ್ಮ ಅಬ್ಬಾ ಕಾಲದಿಂದ ಎಂಟು ಮೇಡಂ. ಈಗ ಇವಳು ಏಳೂವರೆ, ಎಂಟೂವರೆ ಅಂತಾಳೆ. ಗೂಡಿನಲ್ಲಿ ಅರ್ಧ ಅಂತ ಇರ್ತದಾ?" ಎಂದರು.

ಮೊದಲ ದಿನದ ನೂಲು ಹಿಂದಿನದಕ್ಕಿಂತ ಕೆಟ್ಟದಾಗಿ ಬಂತು. ಹುಳು ಕಾಣಿಸುವುದು ಎಂದರೆ ಎಷ್ಟು ಕಾಣಿಸಬೇಕು ಎಂಬುದರಲ್ಲಿ ಎಂಟು ಹೆಂಗಸರದು ಎಂಟು ಅಭಿಪ್ರಾಯ. ಒಬ್ಬಾಕೆಗೆ ನೆರಳು ಕಂಡರೆ ಸಾಕು, ಇನ್ನೊಬ್ಬಾಕೆಗೆ ಹುಳುವಿನ ಗೆರೆಗಳೂ ಕಾಣಬೇಕು. ಸಾಬರು ಎದ್ದು ಮನೆಗೆ ಹೋದರು. ನನಗೆ ಭಯವಾಯಿತು, ಗೂಡುಗಳ ದಾಸ್ತಾನು ಆ ಒಂದು ಲಾಟ್‌ಗೆ ಮಾತ್ರ ಇತ್ತು. ಶಮೀಮ್ ಮಾತ್ರ ಬೆಳಿಗ್ಗೆ ಬೇಗ ಬಂದು ಪ್ರತಿ ಬೇಸಿನ್ ಪಕ್ಕದಲ್ಲೂ ಮೂರು ಗಾಜಿನ ಲೋಟ ಇಟ್ಟಳು. ಒಂದರ ನೀರಿನಲ್ಲಿ ಹೊಸ ಗೂಡು, ಎರಡನೆಯದರಲ್ಲಿ ನಡುವಿನದು, ಮೂರನೆಯದರಲ್ಲಿ ಅರ್ಧ ಲೆಕ್ಕದ್ದು. ಅನುಮಾನ ಬಂದರೆ ಕೇಳಬೇಡಿ, ಲೋಟ ನೋಡಿ ಎಂದಳು. ಮಧ್ಯಾಹ್ನದ ಹೊತ್ತಿಗೆ ಮಾತು ಕಡಿಮೆಯಾಗಿ ಕೈಗಳು ತಾವಾಗಿಯೇ ಓಡತೊಡಗಿದವು. ಮೂರನೇ ದಿನ ಸಾಬರು ಕುರ್ಚಿಯನ್ನು ಬೇಸಿನ್ ಹತ್ತಿರಕ್ಕೆ ಎಳೆದುಕೊಂಡು, ಲೋಟ ನೋಡದೆಯೇ ಯಾವ ಗೂಡು ಅರ್ಧ ಎಂದು ಹೇಳುವ ಪಂದ್ಯ ಕಟ್ಟುತ್ತಿದ್ದರು.

ಜುಲೈ ಮೊದಲ ವಾರ ನೂಲಿನ ಲಡಿಗಳನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಮೇಲೂರಿಗೆ ಹೋದೆವು, ಶಮೀಮ್, ಬಾಷಾ ಸಾಬರು ಮತ್ತು ನಾನು. ಮೊದಲ ದಿನದ ಕೆಟ್ಟ ನೂಲನ್ನು ಅವಳೇ ಬೇರೆ ತೆಗೆದಿಟ್ಟಿದ್ದಳು. ವೆಂಕಟರಮಣಪ್ಪ ಹೆಚ್ಚು ಮಾತಿನ ಮನುಷ್ಯ ಅಲ್ಲ. ಲಡಿಗಳನ್ನು ಯಂತ್ರಕ್ಕೆ ಏರಿಸಿ, ಗೋಡೆಯ ಗಡಿಯಾರ ನೋಡಿ, ಒಂದು ಗಂಟೆಯಲ್ಲಿ ಎಷ್ಟು ಸಲ ಹರಿಯುತ್ತದೆಂದು ಸೀಮೆಸುಣ್ಣದಲ್ಲಿ ಗೀಟು ಹಾಕುವುದು ಅವರ ಪರೀಕ್ಷೆ. ಮೊದಲ ಲಾಟ್‌ಗೆ ಮೂವತ್ತೊಂದು ಗೀಟು ಬಿದ್ದಿತ್ತು, ಎರಡನೆಯದಕ್ಕೆ ಇಪ್ಪತ್ತೆಂಟು.

ಮೊದಲ ಕಾಲು ಗಂಟೆ ಒಂದು ಗೀಟು. ಸಾಬರು ಜಪಮಣಿ ತಿರುಗಿಸುತ್ತಿದ್ದರು. ಅರ್ಧ ಗಂಟೆಗೆ ಮೂರು. ನಾನು ಗಡಿಯಾರದಿಂದ ಕಣ್ಣು ತೆಗೆಯಲಿಲ್ಲ. ಶಮೀಮ್ ಮಾತ್ರ ಯಂತ್ರದ ಹತ್ತಿರ ಬಗ್ಗಿ ನಿಂತು ತಿರುಗುವ ನೂಲನ್ನೇ ನೋಡುತ್ತಿದ್ದಳು. ಗಂಟೆ ಮುಗಿದಾಗ ಗೋಡೆಯ ಮೇಲೆ ಆರು ಗೀಟುಗಳಿದ್ದವು.

ವೆಂಕಟರಮಣಪ್ಪ ಯಂತ್ರ ನಿಲ್ಲಿಸಿ ನೂಲನ್ನು ಎರಡು ಬೆರಳ ನಡುವೆ ಎಳೆದು ನೋಡಿದರು. "ಹಾಸು ನೂಲಿಗೆ ಆಗ್ತದಮ್ಮ. ತಿಂಗಳಿಗೆ ಎಷ್ಟು ಕೊಡ್ತೀಯ ಹೇಳು, ನಾನು ಬೇರೆ ಕಡೆ ನೋಡಲ್ಲ," ಎಂದರು.

ಬಾಷಾ ಸಾಬರು ಶೆಡ್ಡಿನ ಬೀಗದ ಕೈ ಗೊಂಚಲನ್ನು ಜುಬ್ಬಾದ ಜೇಬಿನಿಂದ ತೆಗೆದು ಅಲ್ಲೇ ಅವಳ ಕೈಗೆ ಕೊಟ್ಟರು. ನನ್ನ ಕಣ್ಣು ತುಂಬಿ ಬಂತು, ತಡೆಯಲು ಹೋಗಲಿಲ್ಲ. ಶಮೀಮ್ ಸಾಬರಿಗೆ ಸಲಾಂ ಮಾಡಿದಳು, ಕೀಲಿಗಳನ್ನು ಸೆರಗಿಗೆ ಕಟ್ಟಿಕೊಂಡಳು, ಮತ್ತೆ ಗೋಡೆಯ ಕಡೆ ತಿರುಗಿದಳು.

"ಮೇಡಂ, ಆರು ಸಲ ಹರೀತಲ್ಲ, ಅದು ಯಾಕೆ?"

ವೆಂಕಟರಮಣಪ್ಪನಂಥವರೂ ನಕ್ಕುಬಿಟ್ಟರು. ಹಳೆಯ ನಾನಾಗಿದ್ದರೆ ಗಂಟಿನ ದೋಷ, ಒಣಗಿಸುವ ದೋಷ ಎಂದು ನಾಲ್ಕು ಕಾರಣಗಳನ್ನು ಅಲ್ಲೇ ಪಟ್ಟಿ ಮಾಡಿ ಅವಳ ಬಾಯಿ ಮುಚ್ಚಿಸುತ್ತಿದ್ದೆ. ಬೋಧಕಿಗೆ ಉತ್ತರ ಗೊತ್ತಿಲ್ಲ ಎಂದರೆ ಮರ್ಯಾದೆ ಹೋಗುತ್ತದೆ ಎಂದು ನಂಬಿ ಇಷ್ಟು ವರ್ಷ ಬದುಕಿದ್ದೆ. ಗೊತ್ತಿರುವುದನ್ನು ಹೇಳಿಕೊಡುವುದು ನನ್ನ ಕೆಲಸದ ಸಣ್ಣ ಭಾಗ, ಕೇಳುವವರ ಆಸೆಯನ್ನು ಆರದಂತೆ ಕಾಪಾಡುವುದು ದೊಡ್ಡ ಭಾಗ ಎಂದು ನೌಕರಿ ನನಗೆ ಕಲಿಸಿದ್ದು ಆ 2018ರಲ್ಲಿ, ಬಲು ತಡವಾಗಿ. ಆ ಆಸೆ ನನ್ನೊಳಗೂ ಹುಟ್ಟಿತ್ತು. ಆರು ಸಲ ಯಾಕೆ ಹರಿಯಿತೆಂದು ನನಗೂ ತಿಳಿಯಬೇಕಿತ್ತು.

"ಗೊತ್ತಿಲ್ಲ ಶಮೀಮ್. ಬನ್ನಿ, ಆ ತುದಿಗಳನ್ನ ಬಿಡಿಸಿ ನೋಡಣ," ಎಂದೆ, ಕನ್ನಡಕ ಒರೆಸಿಕೊಂಡು ಅವಳ ಪಕ್ಕದಲ್ಲಿ ಬಗ್ಗಿದೆ.